ಎಡಕ್ಕೆ ತಿರುಗದ ಕತ್ತು

ಹೇರೋಹಳ್ಳಿಯ ದೊಡ್ಡಹನುಮಯ್ಯನವರು ಮೂವತ್ತು ವರ್ಷದಿಂದ ಮದುವೆ ಫೋಟೋ ತೆಗೆಯುವವರು. ಭಾರದ ಕ್ಯಾಮೆರಾ ಕೊರಳಲ್ಲಿ ಜೋತಾಡಿ ಜೋತಾಡಿ, ಅವರ ಕತ್ತು ಎಡಕ್ಕೆ ತಿರುಗುವುದನ್ನೇ ನಿಲ್ಲಿಸಿತು. ಹೋದ ತಿಂಗಳ ಮದುವೆಯಲ್ಲಿ ಬಲಗಡೆ ಕೂತಿದ್ದ ಹೆಣ್ಣಿನ ಕಡೆಯವರೆಲ್ಲ ಆಲ್ಬಮ್ಮಿಗೆ ಬಂದರು, ಎಡಗಡೆಯ ಗಂಡಿನವರು ಒಬ್ಬರೂ ಬರಲಿಲ್ಲ. ಗಂಡಿನ ಕಡೆಯವರು ಇವರ ಮನೆಗೇ ಬಂದು ಜಗಳ ಆಡಿ ಹೋದರು. ಇನ್ನೊಂದು ಸಲ ಹೀಗಾದರೆ ಕಸುಬೇ ಹೋದಂತೆ.

ಹೆಂಡತಿ ಅಂಜನಮ್ಮ ಅವರನ್ನು ರಾಜಾಜಿನಗರದ ಕ್ಯಾಮೆರಾ ಅಂಗಡಿಗೆ ಎಳೆದುಕೊಂಡು ಹೋದರು. ಅಂಗಡಿಯವನು ಹೆಗಲಿಂದ ಸೊಂಟಕ್ಕೆ ಅಡ್ಡಲಾಗಿ ಹಾಕುವ ಪಟ್ಟಿಯೊಂದನ್ನು ತೊಡಿಸಿ, "ಸಾರ್, ಭಾರಾನೇ ಗೊತ್ತಾಗಲ್ಲ" ಎಂದ.

"ಸುಮ್ನೆ ನಿಂತ್ರೆ ಏನ್ ಗೊತ್ತಾಗುತ್ತಪ್ಪ?" ಎಂದರು ಅಂಜನಮ್ಮ. "ರೀ, ಒಂದ್ ಮದುವೆ ಮಾಡಿ ನೋಡಿ!"

ದೊಡ್ಡಹನುಮಯ್ಯ ಅಂಗಡಿಯ ಸ್ಟೂಲು ಹತ್ತಿ, ಅಂಗಡಿಯವನನ್ನೇ ಮದುಮಗ ಅಂದುಕೊಂಡು ಧಾರೆಯ ಫೋಟೋ ತೆಗೆದರು. ಇಳಿದು, ಕಾಲುಂಗುರದ ಫೋಟೋಗೆ ಬಗ್ಗಿದರು. ಪಟ್ಟಿ ಜಾರಿತು, ಕ್ಯಾಮೆರಾ ಹೋಗಿ ಅಂಗಡಿಯವನ ಮೊಣಕಾಲಿಗೆ ಬಡಿಯಿತು.

"ಅಯ್ಯೋ, ಮದುಮಗನ್ನೇ ಕೊಂದ್ರಲ್ರೀ! ಬೇರೆ ಕೊಡಪ್ಪ."

ಎರಡನೆಯದೂ ಜಾರಿತು. ಮೂರನೆಯದು ಅಗಲವಾಗಿತ್ತು, ಹೆಗಲಿಗೆ ಮೆತ್ತೆ ಇತ್ತು. ಬಗ್ಗಿದರೂ ಜಾರಲಿಲ್ಲ.

"ಈಗ ಊಟಕ್ಕೆ ಕೂತ್ಕೊಳ್ಳಿ."

ಅವರು ಅಂಗಡಿಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಇಲ್ಲದ ಎಲೆಯಿಂದ ಬರಿಗೈಯಲ್ಲಿ ಪಾಯಸ ಸೊರ್ರನೆ ಹೀರಿದರು. ಕ್ಯಾಮೆರಾ ಎಲೆಗೆ ಬೀಳದೆ ಬೆನ್ನ ಹಿಂದೆ ತೆಪ್ಪಗಿತ್ತು.

"ಇದೇ ಇರ್ಲಿ," ಎಂದರು ಅಂಜನಮ್ಮ.

"ಮುಗೀತಾ ಆಂಟಿ?" ಎಂದು ಅಂಗಡಿಯವನು ಮೊಣಕಾಲು ಉಜ್ಜಿಕೊಂಡ.

ತಿಂಗಳೊಳಗೆ ಕತ್ತು ಎಡಕ್ಕೆ ತಿರುಗಿತು. ಆ ಖುಷಿಗೆ ಮುಂದಿನ ಮದುವೆಯ ಆಲ್ಬಮ್ಮಿನಲ್ಲಿ ಎಡಗಡೆ ಕೂತಿದ್ದ ಗಂಡಿನ ಸೋದರಮಾವ ಒಬ್ಬರೇ ಹದಿನೇಳು ಸಲ ಇದ್ದಾರೆ.