ಅಕ್ಕ ಕಲಿತ ಹಾಡು

ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ, ಮಕ್ಕಳೇ, ನಮ್ಮ ಮನೆಯಲ್ಲಿ ಶಾಲೆಗೆ ಓಡುತ್ತಿದ್ದವಳು ಅಕ್ಕ. ಎಳೆದುಕೊಂಡು ಹೋಗಬೇಕಾಗಿದ್ದದ್ದು ನನ್ನನ್ನು. ಬಂಟ್ವಾಳದ ಹತ್ತಿರ, ಇಗರ್ಜಿಯ ಪಕ್ಕದಲ್ಲಿ ಸಿಸ್ಟರುಗಳು ನಡೆಸುತ್ತಿದ್ದ ಹೆಂಚಿನ ಮಾಡಿನ ಶಾಲೆ ಅದು. ಧರ್ಮಪಾಠದ ಪೀರಿಯಡಿನಲ್ಲಿ ಕ್ರೈಸ್ತ ಮಕ್ಕಳು ತರಗತಿಯೊಳಗೆ ಕೂರುತ್ತಿದ್ದರು. ನಮ್ಮಂಥ ಉಳಿದವರಿಗೆ ಅಂಗಳದಲ್ಲಿ ಆಟ. ಅಕ್ಕ ಮಾತ್ರ ಆಟಕ್ಕೆ ಬರದೆ ಒಳಗೇ ಕೂರುತ್ತಿದ್ದಳು. ಅವಳಿಗೆ ಕಥೆಯ ಹುಚ್ಚು. ಕಾಯಿಲೆಯವರ ಬಳಿ ಕೂತು ಸೇವೆ ಮಾಡಿದರೆ ಅದೇ ಪೂಜೆ ಎಂದು ಸಿಸ್ಟರ್ ಹೇಳಿದ್ದನ್ನು ಮನೆಗೆ ಬಂದು ನನಗೆ ಹೇಳುತ್ತಿದ್ದಳು.

ಆ ವರ್ಷ ನಮ್ಮ ಅಜ್ಜಿ ಹಾಸಿಗೆ ಹಿಡಿದರು. ಕೋಣೆಯಲ್ಲಿ ಕಷಾಯದ, ಎಣ್ಣೆಯ, ಒಣಗದ ಹುಣ್ಣಿನ ವಾಸನೆ. ನಾನು ಬಾಗಿಲಲ್ಲೇ ಮೂಗು ಮುಚ್ಚಿಕೊಳ್ಳುತ್ತಿದ್ದೆ. ಅಕ್ಕ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಅಜ್ಜಿಯ ಮೈ ಒರೆಸುತ್ತಿದ್ದಳು. ಆಮೇಲೆ ಕಾಲು ಒತ್ತುತ್ತಾ ಶಾಲೆಯಲ್ಲಿ ಕಲಿತ ಪ್ರಾರ್ಥನೆಯ ಹಾಡೊಂದನ್ನು ಮೆಲ್ಲಗೆ ಹೇಳುತ್ತಿದ್ದಳು. ಅಜ್ಜಿಗೆ ತುಳು ಬಿಟ್ಟರೆ ಕನ್ನಡ ಅಷ್ಟಾಗಿ ಬಾರದು. ಆದರೂ ನರಳುವುದನ್ನು ನಿಲ್ಲಿಸಿ, "ನನೊರ ಪಣ್ಲ ಬಾಲೆ" ಎನ್ನುತ್ತಿದ್ದರು, ಇನ್ನೊಮ್ಮೆ ಹೇಳು ಮಗೂ ಎಂದು.

ಒಂದು ಭಾನುವಾರ ದೊಡ್ಡಪ್ಪ ಅಜ್ಜಿಯನ್ನು ನೋಡಲು ಬಂದರು. ಹಾಡು ಅವರ ಕಿವಿಗೆ ಬಿತ್ತು.

"ಇದು ಅವರ ದೇವರ ಹಾಡಲ್ಲವಾ?" ಎಂದು ಅಪ್ಪನನ್ನು ಕೇಳಿದರು. "ಹೀಗೇ ಬಿಟ್ಟರೆ ಹುಡುಗಿ ನಮ್ಮವಳಾಗಿ ಉಳಿಯುವುದಿಲ್ಲ ಮಾರಾಯ. ಊರಲ್ಲಿ ಈಗಲೇ ಮಾತು ಉಂಟು."

ಅಪ್ಪ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಮರುದಿನ ಬೆಳಿಗ್ಗೆ ಅವರೂ ನಮ್ಮ ಜೊತೆ ಶಾಲೆಗೆ ಹೊರಟರು. ಅಪ್ಪ ಬರುತ್ತಾರೆಂದು ಅಕ್ಕನಿಗೆ ಖುಷಿಯೇ ಆಗಿತ್ತು. ಆಫೀಸಿನೊಳಗೆ ಅಪ್ಪ ಟಿಸಿ ಕೇಳಿದಾಗಲೇ ಅವಳಿಗೆ ವಿಷಯ ಗೊತ್ತಾದದ್ದು.

ಹೆಡ್ ಸಿಸ್ಟರ್ ಕುರ್ಚಿಯಿಂದ ಎದ್ದರು. "ಧರ್ಮಪಾಠಕ್ಕೆ ನಾವು ಕರೆದದ್ದಲ್ಲ, ಅವಳೇ ಬಂದು ಕೂತದ್ದು. ಇನ್ನು ಆ ಹೊತ್ತಿಗೆ ಹೊರಗೆ ಕಳಿಸ್ತೇನೆ. ಓದು ಮಾತ್ರ ನಿಲ್ಲಿಸಬೇಡಿ."

"ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಸಿಸ್ಟರ್. ಆದರೆ ನಾನು ಊರಲ್ಲಿ ಬದುಕಬೇಕಲ್ಲ," ಎಂದರು ಅಪ್ಪ.

ಅಕ್ಕ ಅಪ್ಪನ ಅಂಗಿಯ ತುದಿ ಹಿಡಿದುಕೊಂಡಳು. "ನಾನು ನಮ್ಮ ದೇವರನ್ನು ಬಿಡಲಿಲ್ಲ ಅಪ್ಪ. ಅಜ್ಜಿಗೆ ನೋವು ಮರೆಯಲಿ ಅಂತ ಹಾಡು ಹೇಳಿದ್ದು."

ಅಪ್ಪನ ಕಣ್ಣೂ ತುಂಬಿತ್ತು. ನಾನು ನೋಡಿದ್ದೇನೆ. ಆದರೆ ಅವರು ಮಾತು ಹಿಂದೆಗೆಯಲಿಲ್ಲ.

ನನ್ನನ್ನು ಅಲ್ಲೇ ಬಿಟ್ಟರು. ನಾನು ಅಂಗಳದಲ್ಲಿ ಆಡುವವನಲ್ಲವೇ! ಇನ್ನೊಂದು ಶಾಲೆ ಹೊಳೆಯಾಚೆ ಇತ್ತು. ಹುಡುಗಿಯನ್ನು ದೋಣಿ ದಾಟಿಸಿ ಅಷ್ಟು ದೂರ ಓದಲು ಕಳಿಸುವ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಆ ಸಂಜೆ ಅಜ್ಜಿ ಹಾಡು ಹೇಳೆಂದು ಕೇಳಿದರು. ಅಕ್ಕ ಹೊರಗೆ ಕೂತಿದ್ದ ಅಪ್ಪನ ಕಡೆ ನೋಡಿದಳು, ಮತ್ತೆ ತಲೆ ತಗ್ಗಿಸಿದಳು. ತುಟಿ ಬಿಗಿಹಿಡಿದು ಸುಮ್ಮನೆ ಕಾಲು ಒತ್ತಿದಳು. ಅಜ್ಜಿ ಮತ್ತೆ ಕೇಳಿದರು. ಅಕ್ಕನ ಕಣ್ಣೀರು ಅಜ್ಜಿಯ ಪಾದದ ಮೇಲೆ ಬೀಳುತ್ತಿತ್ತು. ಮಗು ಯಾಕೆ ಮುನಿಸಿಕೊಂಡಿದೆ ಎಂದು ಅಜ್ಜಿಗೆ ಕೊನೆಗೂ ತಿಳಿಯಲಿಲ್ಲ. ಮಳೆಗಾಲ ಮುಗಿಯುವ ಮೊದಲೇ ಅವರು ತೀರಿಕೊಂಡರು.

ಅಕ್ಕ ಅಮ್ಮನ ಜೊತೆ ಬೀಡಿ ಕಟ್ಟಲು ಕೂತಳು. ಗೆರಸೆಯಲ್ಲಿ ಎಲೆ, ಹೊಗೆಸೊಪ್ಪು, ಬೆರಳಿಗೆ ಸುತ್ತಿದ ನೂಲು. ಸಂಜೆ ನಾನು ಬಂದ ಕೂಡಲೇ, "ಇವತ್ತು ಏನು ಪಾಠ ಆಯ್ತು?" ಎಂದು ಕೇಳುತ್ತಿದ್ದಳು. ಕೆಲವು ತಿಂಗಳ ಮೇಲೆ ಕೇಳುವುದನ್ನು ಬಿಟ್ಟಳು. ಮತ್ತೆಂದೂ ಅವಳು ಶಾಲೆಯ ಮೆಟ್ಟಿಲು ಹತ್ತಲಿಲ್ಲ.

ನಿಮ್ಮ ಶಾಲೆಯಲ್ಲಿ ನೀತಿಪಾಠಕ್ಕೆ ಬಣ್ಣದ ಪುಸ್ತಕ ಉಂಟು, ಪರೀಕ್ಷೆಯೂ ಉಂಟು. ಎಲ್ಲರೂ ಒಂದೇ ಎಂದು ಬರೆದು ಪೂರ್ತಿ ಅಂಕ ತರುತ್ತೀರಿ. ಹಳದಿ ಬಸ್ಸು ಮನೆ ಬಾಗಿಲಿಗೇ ಬರುತ್ತದೆ. ಹುಡುಗಿಯರನ್ನು ಯಾರೂ ತಡೆಯುವುದಿಲ್ಲ. ಅದನ್ನು ನೋಡುವಾಗ ನನಗೆ ನಿಜಕ್ಕೂ ಸಂತೋಷವಾಗುತ್ತದೆ. ಆದರೆ ಮೊನ್ನೆ ನಿಮ್ಮಲ್ಲಿ ಸಣ್ಣವಳು ಕೇಳಿದಳಲ್ಲ, "ಅಜ್ಜ, ನಮ್ಮ ಕ್ಲಾಸಿನಲ್ಲಿ ಬೇರೆ ದೇವರ ಮಕ್ಕಳು ಯಾರೂ ಇಲ್ಲ. ಅವರೆಲ್ಲ ಎಲ್ಲಿಗೆ ಹೋಗ್ತಾರೆ?" ಎಂದು.

"ಅವರಿಗೆ ಅವರದ್ದೇ ಶಾಲೆ ಉಂಟು ಮಗಾ," ಎಂದೆ. ಅಷ್ಟು ಹೇಳಿದ ಮೇಲೆ ಅಕ್ಕನ ಈ ಕಥೆಯನ್ನು ನಿಮಗೆ ಹೇಳಲೇಬೇಕೆನಿಸಿತು.