ಹುಬ್ಬಳ್ಳಿಯ ಕುರ್ಚಿ, ಬೆಳಗಾವಿಯ ಮಂಚ

ಬೈಲಹೊಂಗಲದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹದಿನೆಂಟು ವರ್ಷ ಸೀರೆಯ ಮೇಲೆ ತೊಡುವ ಜಂಪರ್ ಹೊಲಿದವಳು ನಾನು. ಮದುವೆಯ ಹಂಗಾಮು ಬಂತೆಂದರೆ ಕಿತ್ತೂರು, ಸವದತ್ತಿ ಕಡೆಯಿಂದಲೂ ಹೆಂಗಸರು ಬಟ್ಟೆ ತಂದುಕೊಡುತ್ತಿದ್ದರು. ನಾನು ಹೇಳುತ್ತಿರುವ ಕಾಲಕ್ಕೆ ಆ ಕೋಣೆಗೆ ಕಾಲಿಡುವುದನ್ನು ಬಿಟ್ಟು ಮೂರನೆಯ ವರ್ಷ ನಡೆದಿತ್ತು. ಮೊದಮೊದಲು ಬೆನ್ನುನೋವು ಎಂದು ಹೇಳುತ್ತಿದ್ದೆ. ಆಮೇಲೆ ಅದನ್ನೂ ಹೇಳಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಬಂದು, ಕತ್ತರಿ ತಾಗದ ತಮ್ಮ ಬಟ್ಟೆಗಳನ್ನು ನನ್ನ ಮಗಳ ಕೈಯಿಂದ ವಾಪಸ್ ಒಯ್ದರು. ನಾನು ಒಳಗೆ ಗೋಡೆಗೆ ಮುಖ ಮಾಡಿ ಮಲಗಿ ಅವರ ಮಾತು ಕೇಳಿಸಿಕೊಳ್ಳುತ್ತಿದ್ದೆ.

"ನಿಮ್ಮವ್ವಗ ಏನಾಗೇತಿ?" ಎಂದು ಕೇಳಿದವರಿಗೆ ಮಗಳು "ಆರಾಮಿಲ್ರಿ" ಎನ್ನುತ್ತಿದ್ದಳು. ಪಿಯುಸಿ ಓದುತ್ತಿದ್ದ ಹುಡುಗಿ. ಕಾಲೇಜಿಗೆ ಹೋಗುವ ಮೊದಲು ನನ್ನನ್ನು ಎಬ್ಬಿಸಿ ಕೂರಿಸಿ ತಲೆ ಬಾಚಿ ಹೋಗುತ್ತಿದ್ದಳು. ಸಂಜೆ ಬಂದು ನೋಡಿದಾಗ ನಾನು ಅವಳು ಕೂರಿಸಿ ಹೋದ ಜಾಗದಲ್ಲೇ ಇರುತ್ತಿದ್ದೆ.

ಜನ ತಿಳಿದಂತೆ ನಾನು ಅಳುತ್ತಿರಲಿಲ್ಲ. ಅಳು ಬಂದಿದ್ದರೆ ಒಳ್ಳೆಯದಿತ್ತು. ರೊಟ್ಟಿ ಬಾಯಿಗಿಟ್ಟರೆ ಕಾಗದ ಅಗಿದಂತಾಗುತ್ತಿತ್ತು. ಹಲ್ಲುಜ್ಜಲು ಎದ್ದು ಹೋಗಬೇಕು ಎಂದು ಯೋಚಿಸುವುದರಲ್ಲೇ ಮಧ್ಯಾಹ್ನವಾಗುತ್ತಿತ್ತು. ಧಾರವಾಡದ ಮನೋವೈದ್ಯರೊಬ್ಬರು ಒಂದಾದ ಮೇಲೊಂದು ನಾಲ್ಕು ನಮೂನೆಯ ಗುಳಿಗೆ ಕೊಟ್ಟು ನೋಡಿದ್ದರು. ಒಂದರಿಂದ ಮೈ ಊದಿತು, ಇನ್ನೊಂದರಿಂದ ಕೈ ನಡುಗಿತು. ಮನಸ್ಸು ಮಾತ್ರ ಇದ್ದಲ್ಲೇ ಇತ್ತು. ಕೊನೆಗೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಗುಳಿಗಿಗೆ ಬಗ್ಗೂ ಬ್ಯಾನಿ ಅಲ್ಲಮ್ಮ ಇದು. ಇನ್ನ ಎರಡ ದಾರಿ ಅದಾವ. ಒಂದು ಕರೆಂಟ್ ಚಿಕಿತ್ಸೆ. ಇನ್ನೊಂದು ಕೆಟಮಿನ್ ಅಂತ ಔಷಧ, ಸಲಾಯಿನ್ ಹಚ್ಚಿದಂಗ ಹಚ್ಚತಾರ. ನಾ ಅದನ್ನ ಮಾಡೂದಿಲ್ಲ. ಬೆಳಗಾವಿಗೆ ಚೀಟಿ ಬರದ ಕೊಡ್ತೇನಿ. ಮತ್ತ ಎಲ್ಲಿ ಹೋಗ್ತೀರೋ ನೀವ ನೋಡ್ರಿ."

ನನ್ನ ಗಂಡ ದನದ ದವಾಖಾನೆಯಲ್ಲಿ ಕಂಪೌಂಡರ್. ಮಾತು ಕಡಿಮೆ. ಊರಿಗೆ ಮರಳುವ ಬಸ್ ಧಾರವಾಡ ದಾಟಿದ ಮೇಲೆ ಹೇಳಿದರು. "ಆ ಔಷಧ ನನಗ ಗೊತ್ತೈತಿ. ನಾಯಿಗೆ ಆಪರೇಷನ್ ಮಾಡೂಮುಂದ ಹಾಕ್ತೇವಿ. ಕಣ್ಣ ತೆರಕೊಂಡ ಬಿದ್ದಿರ್ತಾವ. ನೋಡಾಕ ಆಗೂದಿಲ್ಲ."

ನನಗೆ ಹೆದರಿಕೆಯಾಗಲಿಲ್ಲ. ಹೆದರುವುದಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು.

ಆ ಔಷಧ ಕೊಡುವ ಹುಬ್ಬಳ್ಳಿಯ ಕ್ಲಿನಿಕ್ಕನ್ನು ಮಗಳು ಮೊಬೈಲಿನಲ್ಲಿ ಹುಡುಕಿದಳು. ಫೋನ್ ಮಾಡಿದ ಕೂಡಲೇ ಮರುದಿನವೇ ಬನ್ನಿ ಎಂದರು. ಬೆಳಗಾವಿಯಲ್ಲಾದರೆ ಹದಿನೈದು ದಿನ ಕಾಯಬೇಕಿತ್ತು. ಹಾಗಾಗಿ ಮೊದಲು ಹುಬ್ಬಳ್ಳಿಗೇ ಹೋದೆವು. ಗಾಜಿನ ಬಾಗಿಲು, ಒಳಗೆ ತಂಪು, ಎಲ್ಲಿಂದಲೋ ಬರುತ್ತಿದ್ದ ಕೊಳಲಿನ ದನಿ. ಗೋಡೆಯ ತುಂಬ ನಗುತ್ತಿರುವವರ ಫೋಟೊಗಳು. ಹಿಂದಕ್ಕೆ ಬಾಗುವ ದೊಡ್ಡ ಮೆತ್ತನೆಯ ಕುರ್ಚಿ, ಅದರ ಪಕ್ಕದಲ್ಲಿ ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನ್. ಕೌಂಟರಿನ ಹುಡುಗಿ ನನ್ನ ತೂಕ ಕೇಳಿ ಬರೆದುಕೊಂಡಳು, ಸಹಿ ಹಾಕಿಸಿದಳು. ಮೂರು ವರ್ಷದ ಚೀಟಿಗಳನ್ನೆಲ್ಲ ಜೋಡಿಸಿ ಒಯ್ದಿದ್ದ ಫೈಲು ಗಂಡನ ತೊಡೆಯ ಮೇಲೆಯೇ ಇತ್ತು. ಅದನ್ನು ಯಾರೂ ಕೇಳಲಿಲ್ಲ.

"ಎರಡ ತಾಸಿನ್ಯಾಗ ಮನಸ್ಸು ಹಗುರ ಆಗತೈತ್ರಿ ಮೇಡಂ. ನೂರಕ್ಕ ನೂರು," ಎಂದಳು ಹುಡುಗಿ.

"ಇಕಿಗೆ ಬಿಪಿ ಐತ್ರಿ. ಅದನ್ನ ನೋಡೂದಿಲ್ಲೇನ್ರಿ?" ಎಂದು ಗಂಡ ಕೇಳಿದರು.

"ಅದೇನ ತೊಂದ್ರಿ ಇಲ್ರಿ."

"ಡಾಕ್ಟರ್ ಎಲ್ಲದಾರ್ರಿ?"

"ಸರ್ ಫೋನಿನ್ಯಾಗ ಇರ್ತಾರ್ರಿ. ಬೇಕಾದ್ರ ಮಾತಾಡ್ತಾರ."

ನಾನು ಅಷ್ಟರಲ್ಲಿ ಆ ಕುರ್ಚಿಯಲ್ಲಿ ಕುಳಿತಾಗಿತ್ತು. ಮೆತ್ತೆ ನನ್ನನ್ನು ಒಳಗೆ ಎಳೆದುಕೊಂಡಿತು. ಎಷ್ಟೋ ದಿನಗಳ ಮೇಲೆ ನನಗೇನೋ ಬೇಕೆನಿಸಿತ್ತು: ಅದು ಆ ಸೂಜಿ. ಗಂಡ ಬಂದು ನನ್ನ ಮುಂಗೈ ಹಿಡಿದರು. "ಏಳು."

"ಹಾಕ್ಲಿ ಬಿಡ್ರಿ. ಏನಾರ ಆಗ್ಲಿ."

"ನಾಯಿಗೆ ಹಾಕಿದ್ರೂ ಅದು ಎಚ್ಚರ ಆಗೂತನಕ ನಾ ಬಾಜೂಕ ಕುಂತಿರ್ತೇನಿ. ಇಲ್ಲಿ ಕುಂಡ್ರೂ ಮಂದೀನ ಇಲ್ಲ. ಏಳು."

ನಾನು ಏಳಲಿಲ್ಲ. ಅವರು ಎಳೆದೇ ಎಬ್ಬಿಸಿದರು. ಕೌಂಟರಿನವರು, ಸೋಫಾದ ಮೇಲಿದ್ದವರು ಎಲ್ಲರೂ ನೋಡಿದರು. ಹೊರಗೆ ರಸ್ತೆಯ ಮೇಲೆ ನಿಂತು, "ನಾ ಆರಾಮ ಆಗೂದು ನಿಮಗ ಬ್ಯಾಡಾಗೇತಿ" ಎಂದು ಚೀರಿದೆ. ಅವರು ಫೈಲನ್ನು ಎದೆಗವಚಿಕೊಂಡು ಬಸ್ಸಿನ ಕಡೆ ನಡೆದರು. ನಾನು ಹಿಂದೆ ಹೋದೆ. ಬೇರೆ ಎಲ್ಲಿಗೆ ಹೋಗುವುದು? ಆಮೇಲೆ ಹದಿನೈದು ದಿನ ಅವರೊಂದಿಗೆ ಒಂದು ಮಾತೂ ಆಡಲಿಲ್ಲ.

ಬೆಳಗಾವಿಯದು ಹಳೆಯ ಕಟ್ಟಡದ ಎರಡನೆಯ ಮಹಡಿ. ಬಣ್ಣ ಎದ್ದ ಗೋಡೆ, ಫಿನಾಯಿಲ್ ವಾಸನೆ, ಕಬ್ಬಿಣದ ಒಂದು ಮಂಚ. ಮಂಚದ ತಲೆಯ ಕಡೆ ಆಕ್ಸಿಜನ್ ಸಿಲಿಂಡರು, ನಾಡಿ ಬಿಪಿ ತೋರಿಸುವ ಯಂತ್ರ. ಗಂಡ ಮೊದಲು ಅದನ್ನು ನೋಡಿದರು. ವೈದ್ಯೆಗೆ ಐವತ್ತರ ಆಸುಪಾಸು. ಫೈಲು ಇಸಿದುಕೊಂಡು, ಸಾಲು ಸಾಲಿನ ಮೇಲೆ ಬೆರಳಿಟ್ಟು ಓದಿದರು. ಯಾವ ಗುಳಿಗೆ ಎಷ್ಟು ದಿನ ತೆಗೆದುಕೊಂಡೆ, ಯಾಕೆ ಬಿಟ್ಟೆ, ಮನೆತನದಲ್ಲಿ ಯಾರಿಗಾದರೂ ಬುದ್ಧಿ ಕೆಟ್ಟಿತ್ತೇ, ಎಲ್ಲ ಕೇಳಿದರು. ಆಮೇಲೆ ಪೆನ್ನು ಕೆಳಗಿಟ್ಟರು.

"ನಿಮ್ಮ ಯಜಮಾನ್ರು ಹೊರಗ ಕುಂತ್ರ ಚಲೋ ಅನಸತದೋ, ಇಲ್ಲೇ ಇರಲೋ?"

"ಇರಲ್ರಿ," ಎಂದೆ.

"ಸಾಯಬೇಕು ಅಂತ ಅನಸತದೇನ್ರಿ?"

ಮೂರು ವರ್ಷದಲ್ಲಿ ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ನಿದ್ದೆ ಕೇಳಿದ್ದರು, ಊಟ ಕೇಳಿದ್ದರು. ತಪ್ಪಿಸಿಕೊಳ್ಳಲು ನನಗೆ ದಾರಿ ಸಿಗಲಿಲ್ಲ.

"ದಿನಾ ಅನಸತೈತ್ರಿ."

ಪಕ್ಕದ ಕುರ್ಚಿ ಕಿರ್ರೆಂದಿತು. ಗಂಡ ನನ್ನ ಕಡೆ ತಿರುಗಿದ್ದರು. "ಯಾವಾಗಿಂದ?"

"ಮಗಳು ಹತ್ತನೇ ಕ್ಲಾಸಿನ ಪರೀಕ್ಷಿ ಬರಿಯೂಮುಂದಿಂದ."

"ಅವತ್ತ ಹುಬ್ಬಳ್ಳಿಯೊಳಗ ಏನಾರ ಆಗ್ಲಿ ಅಂದಿದ್ದಿ. ಅದಕ್ಕ ಅಂದಿದ್ದೇನು?"

ನಾನು ನೆಲ ನೋಡಿದೆ. ವೈದ್ಯೆ, ಗುಳಿಗೆಯ ಡಬ್ಬಿ ಇನ್ನು ಮೇಲೆ ಗಂಡನ ಹತ್ತಿರ ಇರಬೇಕು, ನನ್ನನ್ನು ಒಬ್ಬಳನ್ನೇ ಬಿಡಬಾರದು ಎಂದು ಹೇಳಿದರು. ಮನಸ್ಸು ತೀರ ಕೆಟ್ಟರೆ ಯಾವ ಹೊತ್ತಿಗಾದರೂ ಫೋನ್ ಮಾಡಿ ಎಂದು ತಮ್ಮ ನಂಬರನ್ನು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟರು.

"ಮತ್ತ ಔಷಧದ ಮಾತು. ಇದು ಎಲ್ಲಾರಿಗೂ ಹತ್ತೂದಿಲ್ಲ. ಹತ್ತಿದ್ರೂ ಎಷ್ಟ ದಿನಾ ಉಳೀತದ ನಾ ಹೇಳಾಕ ಬರೂದಿಲ್ಲ. ಬಿಪಿ ಹತೋಟಿಗೆ ಬರೂತನಕ ಶುರು ಮಾಡೂದಿಲ್ಲ. ಅಷ್ಟರೊಳಗ ಭಾಳ ಕೆಡತು ಅಂದ್ರ ದವಾಖಾನಿಗೆ ಸೇರಿಸೂದು, ಕರೆಂಟ್ ಚಿಕಿತ್ಸೆ ಕೊಡೂದು. ಯೋಚನಿ ಮಾಡ್ರಿ."

ಮೆಟ್ಟಿಲಿಳಿಯುವಾಗ ಗಂಡ ಗೋಡೆ ಹಿಡಿದು ನಿಂತುಬಿಟ್ಟರು. ದನಗಳ ನಡುವೆ ಇಪ್ಪತ್ತು ವರ್ಷ ದುಡಿದ ಗಟ್ಟಿ ಮನುಷ್ಯ. "ಇಲ್ಲೇ ಬರೂಣ್ರಿ," ಎಂದೆ ನಾನು. ಹದಿನೈದು ದಿನದ ಮೇಲೆ ಅವರೊಂದಿಗೆ ನಾನಾಗಿ ಆಡಿದ ಮೊದಲ ಮಾತು ಅದು. ಅಲ್ಲಿ ಸೌಕರ್ಯ ಕಂಡು ಹಾಗೆ ಹೇಳಲಿಲ್ಲ. ನಾನು ಒಳಗೆ ಇಟ್ಟುಕೊಂಡದ್ದು ಹೊರಬಿದ್ದಿತ್ತು. ಅದನ್ನು ಮತ್ತೊಂದು ಕಡೆ ಮತ್ತೊಮ್ಮೆ ಹೇಳುವ ಶಕ್ತಿ ನನಗಿರಲಿಲ್ಲ.

ಬಿಪಿ ಇಳಿಯಲು ಮೂರು ವಾರ ಹಿಡಿಯಿತು. ಆಮೇಲೆ ವಾರಕ್ಕೆ ಎರಡು ಸಲ, ಬೆಳಿಗ್ಗೆ ಏನೂ ತಿನ್ನದೆ ಬಸ್ ಹತ್ತುವುದು. ಮೊದಲ ಸಲ ಔಷಧ ಏರತೊಡಗಿದಾಗ ನನ್ನ ಕಾಲುಗಳನ್ನು ಯಾರದೋ ಮನೆಯಲ್ಲಿ ಬಿಟ್ಟು ಬಂದಂತಾಯಿತು. ಛಾವಣಿ ದೂರ ಹೋಯಿತು. ನರ್ಸ್ ನನ್ನನ್ನು ಕರೆಯುತ್ತಿರುವುದು ಕೇಳುತ್ತಿತ್ತು, ಆದರೆ ಆ ಹೆಸರಿನವಳು ನಾನೇ ಎಂದು ತಿಳಿಯಲಿಲ್ಲ. ಎಚ್ಚರವಾದಾಗ ವಾಂತಿ. ಗಂಡ ಬೇಸಿನ್ ಹಿಡಿದಿದ್ದರು. ಅವರು ಮುಕ್ಕಾಲು ತಾಸು ಯಂತ್ರದ ಅಂಕಿಗಳಿಂದ ಕಣ್ಣು ಕಿತ್ತಿರಲಿಲ್ಲ ಎಂದು ನರ್ಸ್ ಹೇಳಿದರು. "ನೀನೂ ಕಣ್ಣ ತೆರಕೊಂಡ ಇದ್ದಿ," ಎಂದಷ್ಟೇ ಗಂಡ ಅಂದದ್ದು.

ಎರಡನೆಯದು, ಮೂರನೆಯದು ಮುಗಿದವು. ಏನೂ ಆಗಲಿಲ್ಲ. ನಾಲ್ಕನೆಯದು ಮುಗಿಸಿ ಬೆಳಗಾವಿ ಬಸ್ ನಿಲ್ದಾಣದಲ್ಲಿ ಕೂತಾಗ ಭಜಿ ಕರಿಯುವ ಎಣ್ಣೆಯ ವಾಸನೆ ಬಂತು. ನನಗೆ ಹಸಿವಾಯಿತು. "ಮಿರ್ಚಿ ತರ್ರಿ," ಎಂದೆ. ಬಿಸಿಗೆ ನಾಲಿಗೆ ಸುಟ್ಟಿತು, ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಆದರೂ ಎರಡು ತಿಂದೆ. ಗಂಡ ಬಸ್ಸಿನ ಬೋರ್ಡು ಓದುವವರಂತೆ ಆ ಕಡೆ ಮುಖ ತಿರುಗಿಸಿ ನಿಂತಿದ್ದರು.

ಆಮೇಲಿನ ಐದಾರು ವಾರದಲ್ಲಿ ನಾನು ಮುಂದಿನ ಕೋಣೆಯ ಬಾಗಿಲು ತೆರೆದೆ. ಮಷಿನ್ನಿಗೆ ಎಣ್ಣೆ ಬಿಟ್ಟೆ. ಮಗಳಿಗೊಂದು ಜಂಪರ್ ಹೊಲಿದೆ. ಒಂದು ತೋಳು ಗಿಡ್ಡವಾಯಿತು, ಅವಳು ಅದನ್ನೇ ತೊಟ್ಟು ಕಾಲೇಜಿನ ಕಾರ್ಯಕ್ರಮಕ್ಕೆ ಹೋದಳು. ಆಮೇಲೆ ಒಂದು ಬೆಳಿಗ್ಗೆ ಎಚ್ಚರವಾದಾಗ ಎದೆಯ ಮೇಲಿನ ಭಾರ ಮತ್ತೆ ಬಂದಿತ್ತು. ಯಾರ ಮಾತಿಗೂ ಯಾವ ಸುದ್ದಿಗೂ ಸಂಬಂಧವಿಲ್ಲದೆ, ಸುಮ್ಮನೆ ಬಂದು ಕೂತಿತ್ತು. ಆ ದಿನ ನಾನು ಅತ್ತೆ. ಹೋದದ್ದು ಏನು ಎಂಬುದು ಈಗ ಗೊತ್ತಿತ್ತು, ಅದಕ್ಕೆ ಇದು ಮೊದಲಿಗಿಂತ ಕೆಟ್ಟದ್ದಾಗಿತ್ತು.

ಈಗ ಮೂರು ವಾರಕ್ಕೊಮ್ಮೆ ಹೋಗುತ್ತೇನೆ. ಕೆಲವು ಸಲ ಹದಿನೈದು ದಿನ ತಡೆಯುತ್ತದೆ, ಕೆಲವು ಸಲ ನಾಲ್ಕೇ ದಿನ. ಸಾಯಬೇಕೆನ್ನುವುದು ದಿನಾ ಬರುವುದಿಲ್ಲ. ಬಂದ ದಿನ ಗಂಡನಿಗೆ ಹೇಳುತ್ತೇನೆ. ಅವರು ರಜೆ ಹಾಕಿ ಮನೆಯಲ್ಲಿ ಕೂರುತ್ತಾರೆ.

ಹೋದ ಸಲ ಕಾಯುವ ಬೆಂಚಿನ ಮೇಲೆ ರಾಮದುರ್ಗದ ಒಬ್ಬ ಹುಡುಗಿ ಅಣ್ಣನ ಜೊತೆ ಕೂತಿದ್ದಳು. ಇನ್ನೂ ಮೂವತ್ತು ದಾಟಿರಲಿಕ್ಕಿಲ್ಲ. ಅಣ್ಣ ನೀರು ತರಲು ಹೋದಾಗ ನನ್ನ ಕಡೆ ಸರಿದಳು.

"ಅಕ್ಕಾ, ಇಲ್ಲಿ ಆರಾಮ ಆಗತೈತೇನ್ರಿ?"

"ನನಗ ಅರ್ಧ ಆಗೇತಿ. ನಿನಗ ಎಷ್ಟ ಆಗತೈತೋ ನನಗ ಗೊತ್ತಿಲ್ಲವಾ."

"ಮತ್ತ ಯಾಕ ಇಲ್ಲೇ ಬರ್ತೀರಿ?"

"ಒಳಗ ಒಂದ ಮಾತ ಕೇಳ್ತಾರ. ಅಣ್ಣ ಇದ್ರೂ ಖರೇನ ಹೇಳು."

ಯಾವ ಮಾತು ಎಂದು ಅವಳು ಕೇಳಲಿಲ್ಲ. ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು. ಅಷ್ಟರಲ್ಲಿ ನರ್ಸ್ ನನ್ನನ್ನು ಕರೆದರು. ಒಳಗೆ ಹೋಗಿ ಮಂಚದ ಮೇಲೆ ಮಲಗಿದೆ, ತೋಳಿಗೆ ಪಟ್ಟಿ ಸುತ್ತಿದರು. ಆ ದಿನ ಬಿಪಿ ಏರಿತ್ತು. ಅರ್ಧ ತಾಸು ಬಿಟ್ಟು ಮತ್ತೆ ನೋಡಿದರು. ಇಳಿದಿರಲಿಲ್ಲ. ಔಷಧ ಹಚ್ಚದೆ, ಮುಂದಿನ ವಾರ ಬನ್ನಿ ಎಂದು ಮನೆಗೆ ಕಳಿಸಿದರು.