ಉಶೀರದ ದಂಡ

ಚಿಕ್ಕೋಡಿಯ ಆ ಶಿಶುವಿಹಾರದ ಗೋಡೆಗೆ ಒಂದು ಹಲಗೆ ತೂಗುಹಾಕಿದ್ದರು. ಕನ್ನಡದಲ್ಲಿ ಎರಡು ಸಾಲು, ಕೆಳಗೆ ಅದನ್ನೇ ಮರಾಠಿಯಲ್ಲಿ ಎರಡು ಸಾಲು. ಸಂಜೆ ಐದೂವರೆಯ ನಂತರ ಅರ್ಧ ತಾಸಿಗೆ ಒಂದು ರೂಪಾಯಿ ದಂಡ. ಒಂದೇ ತಿಂಗಳಲ್ಲಿ ಮೂರು ಸಲ ತಡವಾದರೆ ಮಗುವಿನ ಹೆಸರು ತೆಗೆಯಲಾಗುವುದು. ಶಿಶುವಿಹಾರ ನಡೆಸುತ್ತಿದ್ದಾಕೆಯನ್ನು ಊರೆಲ್ಲ ಬಾಯಿ ಎಂದೇ ಕರೆಯುತ್ತಿತ್ತು. ಮನೆಮಾತು ಮರಾಠಿಯಾದರೂ ನಮ್ಮ ಜೊತೆ ಒಳ್ಳೆಯ ಕನ್ನಡವನ್ನೇ ಆಡುತ್ತಿದ್ದಳು. ತಡ ಅನ್ನುವ ಮಾತನ್ನು ಮಾತ್ರ ‘ಉಶೀರ’ ಎಂದು ತನ್ನ ಭಾಷೆಯಲ್ಲೇ ಹೇಳುತ್ತಿದ್ದಳು. ಕೇಳಿ ಕೇಳಿ ನಾವೂ ಅದನ್ನು ಉಶೀರದ ದಂಡ ಅನ್ನತೊಡಗಿದೆವು.

ಎಂಬತ್ತರ ದಶಕದ ನಡುವಿನ ಮಾತು. ನನ್ನ ಮಗಳಿಗೆ ಆಗ ನಾಲ್ಕು ತುಂಬಿ ಐದು ನಡೆದಿತ್ತು. ನನಗೆ ಪ್ರಾಥಮಿಕ ಶಾಲೆಯ ನೌಕರಿ ಸಿಕ್ಕು ಎರಡು ವರ್ಷ. ಶಾಲೆ ಇದ್ದದ್ದು ಸದಲಗಾದ ಆಚೆ, ದೂಧಗಂಗೆ ದಾಟಿದ ಮೇಲೆ ಬರುವ ಒಂದು ಹಳ್ಳಿಯಲ್ಲಿ. ನಾಲ್ಕರ ಬಸ್ಸು ತಪ್ಪಿದರೆ ಮುಂದಿನದು ಆರಕ್ಕೆ. ಅದಕ್ಕೇ ನಾನು ಮಧ್ಯಾಹ್ನದ ಊಟದ ಬಿಡುವಿನಲ್ಲೂ ಪಾಠ ಮಾಡಿ, ಹೆಡ್‌ಮಾಸ್ತರರನ್ನು ಕಾಡಿ ಬೇಡಿ, ನಾಲ್ಕಕ್ಕೇ ಹೊರಡುತ್ತಿದ್ದೆ. ಐದೂಕಾಲಿಗೆ ಚಿಕ್ಕೋಡಿ, ಅಲ್ಲಿಂದ ದಾಪುಗಾಲು ಹಾಕಿದರೆ ಐದೂವರೆಗೆ ಐದು ನಿಮಿಷ ಇರುವಾಗ ಬಾಯಿಯ ಬಾಗಿಲು. ಇದು ಬಿಸಿಲಿನ ದಿನಗಳ ಲೆಕ್ಕ.

ಮಳೆಗಾಲದಲ್ಲಿ ಆ ಲೆಕ್ಕ ಯಾರಿಗೆ ಬೇಕು. ನದಿಗೆ ದೊಡ್ಡ ಸೇತುವೆ ಇರಲಿಲ್ಲ, ಬಾಂದಾರ ಇತ್ತು. ನೀರು ತಡೆಯಲು ಹೊಳೆಗೆ ಅಡ್ಡಲಾಗಿ ಕಟ್ಟಿದ ತಗ್ಗಾದ ಒಡ್ಡು, ಅದರ ನೆತ್ತಿಯ ಮೇಲೇ ರಸ್ತೆ, ಪಕ್ಕಕ್ಕೆ ಹಿಡಿಯಲು ಕಂಬಿಯೂ ಇಲ್ಲ. ನಮ್ಮಲ್ಲಿ ಹನಿ ಬೀಳದಿದ್ದರೂ ಮೇಲೆ ಕೊಲ್ಲಾಪುರದ ಕಡೆ ನಾಲ್ಕು ದಿನ ಹೊಡೆದರೆ ಸಾಕು, ಬಾಂದಾರದ ಮೇಲೆ ನೀರು ಏರುತ್ತಿತ್ತು. ಬಸ್ಸು ಆಚೆ ದಂಡೆಯಲ್ಲೇ ನಿಲ್ಲುತ್ತಿತ್ತು. ಇನ್ನೊಂದು ದಾರಿ ಮಹಾರಾಷ್ಟ್ರದ ಊರುಗಳನ್ನು ಸುತ್ತಿ ಬರುವುದು, ಅದಕ್ಕೆ ಮೂರು ತಾಸು.

ಬಾಯಿಗೆ ಇದೆಲ್ಲ ಬೇಕಾಗಿರಲಿಲ್ಲ. ಮೊದಲ ಸಲ ತಡವಾದಾಗ ನಾನು ನದಿ, ನೀರು, ಬಸ್ಸು ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡು, ‘‘ಮಳಿ ನಿಮ್ಮೊಬ್ಬರ ಮ್ಯಾಲ ಬಿದ್ದದ್ದೇನ್ರಿ?’’ ಅಂದು ಕೈ ಚಾಚಿದಳು. ಎರಡು ರೂಪಾಯಿ ಕೊಟ್ಟೆ. ಆಕೆಯದು ತಪ್ಪೆಂದು ಈಗ ಹೇಳಲಾರೆ, ದಿನವಿಡೀ ಹದಿನೈದು ಮಕ್ಕಳ ಮೂಗು ಒರೆಸಿದವಳಿಗೆ ಸಂಜೆ ತನ್ನ ಮನೆ ಬೇಡವೇ? ಆದರೆ ಆ ದಿನ ಆ ಚಾಚಿದ ಕೈ ಕಂಡು ನನಗೆ ಮೈಯೆಲ್ಲ ಉರಿದಿತ್ತು. ಅದಕ್ಕಿಂತ ಹೆಚ್ಚು ಉರಿದದ್ದು ಮಗಳನ್ನು ನೋಡಿ. ತಡವಾದ ಮಕ್ಕಳನ್ನು ಆಕೆ ಓಣಿಯ ಕಡೆ ಬಾಗಿಲ ಬಳಿ ಒಂದು ಬೆಂಚಿನ ಮೇಲೆ ಕೂರಿಸುತ್ತಿದ್ದಳು, ಚಪ್ಪಲಿ ಹಾಕಿಸಿ, ಚೀಲ ಹೆಗಲಿಗೇರಿಸಿ. ಹೋಗಲು ತಯಾರಾದ ಮಗು ಹೋಗದೇ ಕೂತಿರುವುದನ್ನು ಹೋಗಿ ಬರುವವರೆಲ್ಲ ನೋಡುತ್ತಿದ್ದರು.

ಸೇರಿಸುವಾಗ ತುಂಬಿಕೊಡುವ ಕಾಗದದಲ್ಲಿ, ಮಗುವನ್ನು ಕರೆದೊಯ್ಯುವವರು ಯಾರು ಎಂಬ ಕಡೆ ಎರಡು ಹೆಸರು ಬರೆಯಲು ಜಾಗವಿತ್ತು. ಒಂದರಲ್ಲಿ ನನ್ನ ಹೆಸರು ಬರೆದೆ. ಇನ್ನೊಂದನ್ನು ಖಾಲಿ ಬಿಟ್ಟೆ. ಯಾರೂ ಹಾಗೆ ಬಿಡು ಎಂದು ಹೇಳಲಿಲ್ಲ. ನನ್ನ ಗಂಡ ಗುಮಾಸ್ತರಾಗಿದ್ದ ಸರಕಾರಿ ಕಚೇರಿ ಆ ಶಿಶುವಿಹಾರದ ಹಿಂದಿನ ಓಣಿಯಲ್ಲಿತ್ತು, ಇಲ್ಲಿ ಮಗು ಅತ್ತರೆ ಅಲ್ಲಿ ಕೇಳಿಸುವಷ್ಟು ಹತ್ತಿರ. ಕಚೇರಿ ಐದಕ್ಕೆ ಬಿಡುತ್ತಿತ್ತು. ಅಲ್ಲಿಂದ ಅವರು ಜೊತೆಯವರೊಂದಿಗೆ ಚಹಾ ಕುಡಿದು, ನೌಕರರ ಸಂಘದ ಕೋಣೆಯಲ್ಲಿ ಕೇರಂ ಆಡಿ, ಏಳರ ಹೊತ್ತಿಗೆ ಮನೆಗೆ ಬರುತ್ತಿದ್ದರು. ಕುಡಿಯುವವರಲ್ಲ, ಕೈ ಮಾಡುವವರಲ್ಲ, ಊರ ಬಾಯಲ್ಲಿ ಬಂಗಾರದಂಥ ಮನುಷ್ಯ. ಆ ಖಾಲಿ ಜಾಗದಲ್ಲಿ ಅವರ ಹೆಸರು ಬರೆಯಬಹುದು ಎಂದು ನನಗೆ ಹೊಳೆಯಲೇ ಇಲ್ಲ. ಬಾಯಿಗೂ ಹೊಳೆಯಲಿಲ್ಲ, ಅವರಿಗಂತೂ ಕೇಳುವುದೇ ಬೇಡ. ಮೂವರೂ ಸೇರಿ ಒಂದೇ ತಪ್ಪು ಮಾಡಿದೆವು, ದಂಡ ಮಾತ್ರ ನನಗೆ ಬಿತ್ತು.

ಆ ಆಷಾಢದಲ್ಲಿ ಒಂದೇ ತಿಂಗಳಿಗೆ ಎರಡು ಸಲ ತಡವಾಗಿ ಹೋಗಿತ್ತು. ಎರಡನೆಯ ಸಲದ ರಾತ್ರಿ ಊಟಕ್ಕೆ ಕೂತಾಗ ಗಂಡ ಶಾಂತವಾಗಿಯೇ ಒಂದು ಮಾತು ಹೇಳಿದರು. ಇನ್ನೊಂದು ಸಲ ಹೀಗಾಗಿ ಹೆಸರು ತೆಗೆದರೆ, ಮಗುವನ್ನು ಹಾರೂಗೇರಿಯಲ್ಲಿ ತಮ್ಮ ತಾಯಿಯ ಹತ್ತಿರ ಬಿಡುವುದು. ಅದು ನನಗೆ ಒಪ್ಪಿಗೆಯಿಲ್ಲದಿದ್ದರೆ ನೌಕರಿ ಬಿಡುವುದು. ಅತ್ತೆಯವರು ಇದನ್ನೇ ವರ್ಷದಿಂದ ಕಾಯುತ್ತಿದ್ದರು. ಸೊಸೆ ಮೈಲಿಗಟ್ಟಲೆ ದೂರ ಹೋಗಿ ಬೇರೆಯವರ ಮಕ್ಕಳಿಗೆ ಅಕ್ಷರ ಕಲಿಸುವುದು, ತನ್ನ ಮಗುವನ್ನು ಕೂಲಿ ಕೊಟ್ಟು ಇನ್ನೊಬ್ಬಳ ಕೈಗೆ ಕೊಡುವುದು ಅವರ ಕಣ್ಣಿಗೆ ಹುಚ್ಚಾಟ. ನನಗೆ ಮಗಳೂ ಬೇಕಿತ್ತು, ನೌಕರಿಯೂ ಬೇಕಿತ್ತು. ಇಷ್ಟು ಬಯಸಿದ್ದಕ್ಕೇ ನನ್ನನ್ನು ಆಸೆಬುರುಕಿ ಅಂದವರಿದ್ದಾರೆ.

ಮೂರನೆಯ ಸಲದ ಮಳೆ, ತಿಂಗಳು ಮುಗಿಯಲು ಮೂರು ದಿನ ಇರುವಾಗ ಬಂತು. ಶಾಲೆ ಬಿಟ್ಟು ನಾನು ನದಿಯ ಹತ್ತಿರ ಬರುವಷ್ಟರಲ್ಲಿ ಬಾಂದಾರದ ಮೇಲೆ ನೀರು ಹರಿಯುತ್ತಿತ್ತು. ಆಚೆ ದಂಡೆಯಲ್ಲಿ ಬಸ್ಸು ನಿಂತಿದ್ದು ಕಾಣುತ್ತಿತ್ತು. ಈಚೆ ಹತ್ತು ಹನ್ನೆರಡು ಜನ ಛತ್ರಿ ಹಿಡಿದು ನಿಂತು, ಏರುತ್ತದೋ ಇಳಿಯುತ್ತದೋ ಎಂದು ಮಾತಾಡುತ್ತಿದ್ದರು. ಹೆಡ್‌ಮಾಸ್ತರರು ರಾತ್ರಿ ತಮ್ಮ ಮನೆಯಲ್ಲೇ ಉಳಿಯಿರಿ ಎಂದು ಹೇಳಿ ಕಳಿಸಿದ್ದರು. ಉಳಿಯುವುದಂತೆ. ನನ್ನ ಕಣ್ಣಿಗೆ ಕಾಣುತ್ತಿದ್ದದ್ದು ಆ ಬೆಂಚು.

ಹೊಲದ ಕೂಲಿ ಮುಗಿಸಿ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ನಮ್ಮ ಗುಂಪನ್ನು ದಾಟಿ ನೀರಿಗಿಳಿಯುತ್ತಿದ್ದಳು. ಆಕೆಯ ಮಗ ನನ್ನ ಮೂರನೇ ಇಯತ್ತೆಯಲ್ಲಿದ್ದ, ಅಷ್ಟೇ ಪರಿಚಯ. ಮನೆ ಆಚೆ ದಂಡೆಯ ಕೇರಿಯಲ್ಲಿ. ನಾನೂ ಬರುತ್ತೇನೆ ಅಂದೆ. ಆಕೆ ನನ್ನ ಚಪ್ಪಲಿ, ಇಸ್ತ್ರಿಯ ಸೀರೆ ನೋಡಿದಳು. ಹೊರೆಯನ್ನು ಇಳಿಸಿ ಕಟ್ಟೆಯ ಬದಿಗಿಟ್ಟಳು, ನನ್ನ ಸೀರೆಯನ್ನು ತಾನೇ ಕಚ್ಚೆ ಹಾಕಿ ಬಿಗಿದಳು.

‘‘ನೀರ ಬರೂ ಕಡೆ ನಾ ಇರ್ತೀನ್ರಿ ಅಕ್ಕೋರ. ಹೆಜ್ಜಿ ಎತ್ತಬ್ಯಾಡ್ರಿ, ಎಳಕೋತ ಬರ್ರಿ,’’ ಅಂದಳು.

ಕಾಲೆತ್ತಿದರೆ ನೀರು ಕಾಲ ಕೆಳಗೆ ನುಗ್ಗುತ್ತದೆ, ಆಮೇಲೆ ಆ ಕಾಲು ನಮ್ಮದಲ್ಲ. ಆದ್ದರಿಂದ ಹೆಜ್ಜೆಯನ್ನು ನೆಲಕ್ಕೆ ಒತ್ತಿ, ಗಚ್ಚಿಗೆ ಉಜ್ಜುತ್ತ ಸರಿಯಬೇಕು. ಮೊದಲು ಮೊಣಕಾಲವರೆಗೆ ಇದ್ದ ನೀರು ನಡುಮಧ್ಯದಲ್ಲಿ ತೊಡೆಯವರೆಗೆ ಬಂತು. ಕೆಂಪು ನೀರು, ಕಬ್ಬಿನ ಒಣಗರಿಯ ರವದಿ, ಕಿತ್ತು ಬಂದ ಬೇರುಗಳು ನನ್ನ ಸೀರೆಗೆ ಸಿಕ್ಕಿಕೊಂಡು ಎಳೆಯುತ್ತಿದ್ದವು. ಒಂದು ಕಡೆ ನನ್ನ ಬಲಗಾಲು ಒಡ್ಡಿನ ಅಂಚಿನ ಆಚೆ ಹೋಗಿ ಶೂನ್ಯವನ್ನು ಮುಟ್ಟಿತು. ಆಕೆ ನನ್ನ ರಟ್ಟೆಯನ್ನು ಹಿಡಿದು ಹಿಂದಕ್ಕೆ ಎಳೆದ ರಭಸಕ್ಕೆ ನಾಲ್ಕು ದಿನ ಅಲ್ಲಿ ಬೆರಳಿನ ಗುರುತು ಇತ್ತು. ಆ ಕ್ಷಣ ದೇವರು ನೆನಪಾಗಲಿಲ್ಲ, ಗಂಡನೂ ನೆನಪಾಗಲಿಲ್ಲ. ಸತ್ತರೂ ಬಾಯಿಯ ಪುಸ್ತಕದಲ್ಲಿ ಉಶೀರ ಅಂತಲೇ ಬರೆಯುತ್ತಾರಲ್ಲ ಅನ್ನಿಸಿತು. ನಗಬೇಡಿ, ನಿಜವಾಗಿ ಅನ್ನಿಸಿತು.

ನನ್ನನ್ನು ಆಚೆ ಮುಟ್ಟಿಸಿ ಆಕೆ ಹುಲ್ಲಿನ ಹೊರೆಗಾಗಿ ಮತ್ತೆ ನೀರಿಗಿಳಿದಳು. ಬಸ್ಸು ಹಾರ್ನ್ ಹಾಕುತ್ತಿತ್ತು. ನಾನು ಓಡಿಹೋಗಿ ಹತ್ತಿದೆ, ಆಕೆ ದಡ ಸೇರಿದಳೋ ಇಲ್ಲವೋ ತಿರುಗಿ ಕೂಡ ನೋಡಲಿಲ್ಲ. ಮರುದಿನ ನೀರಿಳಿದು ಅವಳ ಮಗ ಶಾಲೆಗೆ ಬಂದ ಮೇಲೆಯೇ ನನ್ನ ಜೀವ ತಣ್ಣಗಾಗಿದ್ದು. ನಾನು ಎಂಥವಳಾಗಿದ್ದೆ ಎಂಬುದಕ್ಕೆ ಇದನ್ನೂ ಬರೆದಿಡುತ್ತೇನೆ.

ಇಷ್ಟಾಗಿಯೂ ತಡವಾಯಿತು. ಚಿಕ್ಕೋಡಿ ಸ್ಟ್ಯಾಂಡಿನಲ್ಲಿ ಇಳಿದಾಗ ಆರೂಕಾಲು. ಒದ್ದೆ ಸೀರೆಯಲ್ಲಿ ಊರ ನಡುವೆ ಓಡಿದೆ. ಬಾಯಿಯ ಕಾಲಿಗೆ ಬೀಳಬೇಕಾದರೂ ಬೀಳುವುದು ಎಂದು ದಾರಿಯಲ್ಲೇ ತೀರ್ಮಾನಿಸಿದ್ದೆ.

ಮಗಳು ಬೆಂಚಿನ ಮೇಲೆ ಇದ್ದಳು, ಕೈಯಲ್ಲಿ ಗ್ಲುಕೋಸ್ ಬಿಸ್ಕೀಟಿನ ಪುಡಿಕೆ. ಬಾಯಿ ನನ್ನನ್ನು ನೋಡಿ ನಕ್ಕಳು. ಆಕೆ ನನ್ನನ್ನು ನೋಡಿ ನಕ್ಕದ್ದು ಅದೇ ಮೊದಲು.

‘‘ಗಾಬರಿ ಆಗಬ್ಯಾಡ್ರಿ. ಮಳಿ ನೋಡಿ ನಿಮ್ಮ ಮನಿಯವ್ರು ಐದೂವರಿಗೇ ಬಂದಿದ್ರು. ಏಳರ ತನಾ ದಂಡ ಭರಿಸಿ ಹೋಗ್ಯಾರ.’’

ಬಂದಿದ್ದರು ಅನ್ನುವುದಷ್ಟೇ ಮೊದಲು ನನ್ನ ಕಿವಿಗೆ ಬಿತ್ತು. ಅಳು ಬರುವಷ್ಟು ಸಂತೋಷವಾಯಿತು. ಒಳಗೆ ಕೂತಿದ್ದಾರೇನೋ ಎಂದು ಬಾಗಿಲ ಹಿಂದೆ ಇಣುಕಿ ನೋಡಿದೆ. ಎಲ್ಲಿ ಎಂದು ಕೇಳಿದೆ. ಹೋದರು ಎಂದಳು ಬಾಯಿ. ಮಗಳಿಗೆ ಬಿಸ್ಕೀಟು ಕೊಟ್ಟು, ಅವ್ವ ಬರುತ್ತಾಳೆ ಕೂಡು ಎಂದು ತಲೆ ಸವರಿ ಹೋದರಂತೆ. ಹೆಸರು ತೆಗೆಯುವ ಮಾತನ್ನು ನಾನೇ ಎತ್ತಿದೆ. ಅದಕ್ಕೆ ಬಾಯಿ ಅದೇನಿಲ್ಲವೆಂದು ಕೈ ಆಡಿಸಿದಳು. ಗಂಡಸರು ತಾವಾಗಿ ಬಂದು ಹೇಳಿ ಹೋದಮೇಲೆ ಅದನ್ನು ಉಶೀರ ಎಂದು ಬರೆಯಲು ಬರುತ್ತದೆಯೇ ಎಂದಳು. ನಾನು ಎರಡು ಸಲ ನದಿಯನ್ನೇ ಹೊತ್ತು ತಂದು ಆಕೆಯ ಮುಂದೆ ಸುರಿದಿದ್ದೆ. ಅವರು ನಿಂತ ಕಾಲಲ್ಲಿ ಹೇಳಿ ಹೋದ ಒಂದು ಮಾತಿಗೆ ಹಲಗೆಯ ಮೇಲಿನ ಕಾನೂನು ಅಳಿಸಿಹೋಯಿತು.

ಅವರು ಏಳಕ್ಕೆ ಮನೆಗೆ ಬಂದರು. ಕೇರಂನಲ್ಲಿ ಗೆದ್ದಿದ್ದರೋ ಏನೋ, ಖುಷಿಯಲ್ಲಿದ್ದರು. ದಂಡ ತಾವೇ ಕೊಟ್ಟ ಸುದ್ದಿಯನ್ನು ಹೇಳಿ ನನ್ನ ಮುಖ ನೋಡಿದರು. ಮಗು ಅಲ್ಲೇ ಇತ್ತಲ್ಲ, ಕರೆದುಕೊಂಡು ಬರಬಹುದಿತ್ತಲ್ಲ ಎಂದು ನಾನು ಮೆಲ್ಲಗೆ ಕೇಳಿದೆ.

ಅವರಿಗೆ ಸಿಟ್ಟು ಬರಲಿಲ್ಲ. ಪ್ರಶ್ನೆಯೇ ಅರ್ಥವಾಗಲಿಲ್ಲ. ‘‘ಕರಕೊಂಡ ಬಂದ ಏನ ಮಾಡ್ಲಿ? ಮನ್ಯಾಗ ನೀ ಇದ್ದಿಲ್ಲಲ್ಲ,’’ ಅಂದರು.

ಆಮೇಲೆ ಒದ್ದೆ ಸೀರೆ ಕಂಡು ಛತ್ರಿ ಒಯ್ಯಲಿಲ್ಲವೇ ಎಂದು ಕೇಳಿದರು. ಮರೆತೆ ಅಂದೆ. ಬಾಂದಾರದ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಆ ರಾತ್ರಿಯೇ ನೌಕರಿ ಮುಗಿಯುತ್ತಿತ್ತು; ಜೀವಕ್ಕಿಂತ ಹೆಚ್ಚಾಯಿತೇ ನಿನ್ನ ಸಂಬಳ ಎಂದು ಹಾರೂಗೇರಿಯಿಂದ ಅತ್ತೆ ಮರುದಿನವೇ ಬಂದು ಕೂರುತ್ತಿದ್ದರು. ನುಂಗಿಕೊಂಡೆ. ರಟ್ಟೆಯ ಮೇಲಿನ ಗುರುತು ಕಾಣದಂತೆ ಸೆರಗು ಹೊದ್ದು, ಬಿಸಿ ಭಕ್ಕರಿ ಬಡಿದು ಅವರ ತಾಟಿಗೆ ಹಾಕಿದೆ. ನೀವು ಹೋದದ್ದು ಚಲೋ ಆಯಿತು ಎಂದೂ ಹೇಳಿದೆ. ಈ ಮಾತನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ.

ಹೊಗಳಿಸಿಕೊಂಡ ಮೇಲೆ ಅವರು ಅದನ್ನೇ ರೂಢಿ ಮಾಡಿಕೊಂಡರು. ಮಳೆ ಜೋರಾದ ದಿನ ಕಚೇರಿ ಬಿಟ್ಟವರು ಶಿಶುವಿಹಾರಕ್ಕೆ ಹೋಗಿ, ದಂಡ ಕೊಟ್ಟು, ಮಗಳಿಗೆ ಬಿಸ್ಕೀಟು ಕೊಟ್ಟು, ಸಂಘದ ಕೋಣೆಗೆ ಹೋಗುತ್ತಿದ್ದರು. ಇಂಥ ಗಂಡ ಸಿಗಲು ಪುಣ್ಯ ಮಾಡಿರಬೇಕು ಎಂದು ಬಾಯಿ ಉಳಿದ ತಾಯಂದಿರ ಎದುರು ಹೇಳುತ್ತಿದ್ದಳು. ಹೆಸರು ಉಳಿದದ್ದು ಅವರಿಂದಲೇ, ಹಾಗಾಗಿ ನಾನು ತಲೆ ಆಡಿಸುತ್ತಿದ್ದೆ. ಮುಂದಿನ ಮಳೆಗಾಲವೂ ಹಾಗೇ ಕಳೆಯಿತು. ಅದರ ನಂತರ ಮಗಳು ಶಾಲೆಗೆ ಸೇರಿದಳು, ತೊಂಬತ್ತರ ಸುಮಾರಿಗೆ ನನಗೂ ಊರ ಹತ್ತಿರಕ್ಕೆ ವರ್ಗವಾಯಿತು.

ಹೋದ ವರ್ಷ ಮಗಳು ಗಂಡನೊಂದಿಗೆ ಮನೆಗೆ ಬಂದಿದ್ದಳು. ಅವಳೂ ನೌಕರಿಯವಳು. ತನ್ನ ಮಗುವನ್ನು ಸಂಜೆ ಯಾರು ಕರೆತರಬೇಕು ಎಂದು ಗಂಡಹೆಂಡಿರಲ್ಲಿ ಜಗಳ ನಡೆದಿತ್ತು. ಅವಳು ಗಂಡನಿಗೆ ಪಾಠ ಹೇಳುವ ದನಿಯಲ್ಲಿ, ಪಡಸಾಲೆಯ ಕುರ್ಚಿಯಲ್ಲಿದ್ದ ತಂದೆಯನ್ನು ತೋರಿಸಿದಳು.

‘‘ಅಪ್ಪನ್ನ ನೋಡಿ ಕಲೀರಿ. ನಾ ಸಣ್ಣಾಕಿ ಇದ್ದಾಗ ಮಳಿ ಬಂತಂದ್ರ ಶಿಶುವಿಹಾರಕ್ಕ ಅಪ್ಪಾನ ಬರ್ತಿದ್ದ. ಅವ್ವ ಯಾವಾಗ್ಲೂ ತಡ.’’

ಅವರು ಸಂಕೋಚಪಟ್ಟಂತೆ ನಕ್ಕರು, ಅಲ್ಲ ಅನ್ನಲಿಲ್ಲ. ಅಳಿಯ ನನ್ನ ಕಡೆ ನೋಡಿ ತಾನೂ ನಕ್ಕ. ನಾನು ಅಡುಗೆಮನೆಯ ಬಾಗಿಲಲ್ಲಿ ಚಹಾದ ತಾಟು ಹಿಡಿದು ನಿಂತಿದ್ದೆ. ಅವಳು ಸುಳ್ಳು ಹೇಳಿರಲಿಲ್ಲ. ಆ ಬೆಂಚಿನ ಮೇಲೆ ಕೂತ ಐದು ವರ್ಷದವಳಿಗೆ ಓಣಿಯ ತುದಿಯವರೆಗೆ ಕಾಣುತ್ತಿತ್ತು, ನದಿಯವರೆಗೆ ಕಾಣುತ್ತಿರಲಿಲ್ಲ. ನನ್ನನ್ನು ಅಲ್ಲಿ ಹತ್ತಿರದಿಂದ ಕಂಡವಳು ಹುಲ್ಲಿನ ಹೊರೆಯ ಹೆಂಗಸು ಒಬ್ಬಳೇ. ನೌಕರಿ ಉಳಿಯಲಿ ಎಂದು ಆ ರಾತ್ರಿ ನಾನೇ ಬಾಯಿ ಮುಚ್ಚಿಕೊಂಡಿದ್ದೆ. ನೌಕರಿ ಉಳಿಯಿತು, ಪಿಂಚಣಿಯೂ ತಪ್ಪದೆ ಬರುತ್ತಿದೆ. ನಾನು ಚಹಾ ಎಲ್ಲರಿಗೂ ಕೊಟ್ಟೆ, ಅವರಿಗೆ ಮೊದಲು, ಮಗಳಿಗೆ ಆಮೇಲೆ. ಈಗ ಹೇಳಿದರೆ ಅವಳು ನಂಬುತ್ತಾಳೇನೋ, ಆದರೆ ನೆನಪು ಮಾಡಿಕೊಳ್ಳಲಾರಳು. ಅವಳ ನೆನಪಿನಲ್ಲಿ ಮಳೆ ಬಂದಾಗಲೆಲ್ಲ ಬರುವವರು ಅವರೇ.